ಅಂಟಿನ ಸೀಸೆಯ ಬುಡದಲ್ಲಿ ಹಳದಿ ಅಕ್ಕಿ

ಮೊನ್ನೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಎದುರು ಚಪ್ಪಲಿ ರಿಪೇರಿಯವನು ಯಾರದೋ ಹಿಮ್ಮಡಿ ಕಿತ್ತ ಚಪ್ಪಲಿಗೆ ಅಂಟಿನ ಟ್ಯೂಬು ಒತ್ತಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹೆಗಲ ಮೇಲಿನ ಬ್ಯಾಗಿಗೆ ಹೋಗಿ ಜಿಪ್ಪು ಹಾಕಿದೆಯೋ ಇಲ್ಲವೋ ಎಂದು ತಡವಿ ನೋಡಿತು. ಬ್ಯಾಗಿನಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ಒಂದು ಛತ್ರಿ, ಅರ್ಧ ಪೊಟ್ಟಣ ಕೋಡುಬಳೆ. ಆದರೂ ತಡವಿತು. ಪಾಂಡವಪುರದಲ್ಲಿ ರೆಪ್ಪೆ ಕೆಲಸ ಕಲಿತ ಆ ಮಳೆಗಾಲದಲ್ಲಿ ಹತ್ತಿದ ಚಟ ಅದು. ಅಂಟಿನ ವಾಸನೆ ಬಂದರೆ ಸಾಕು, ಯಾರೋ ನನ್ನ ಡಬ್ಬಿ ತೆಗೆದಿದ್ದಾರೆ ಅನ್ನಿಸುತ್ತದೆ.

ರೆಪ್ಪೆ ಕೆಲಸ ಅಂದರೆ, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಕಣ್ಣಿನ ರೆಪ್ಪೆಗೂದಲಿಗೆ ಒಂದೊಂದಾಗಿ ಕೃತಕ ಕೂದಲು ಅಂಟಿಸುವುದು. ಬಂದವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಕೆಳರೆಪ್ಪೆಯ ಮೇಲೆ ಜೆಲ್ ಪಟ್ಟಿ ಹಾಕಬೇಕು. ಎಡಗೈಯ ಟ್ವೀಜರಿನಿಂದ ಅವರದೇ ಒಂದು ಕೂದಲನ್ನು ಉಳಿದವುಗಳಿಂದ ಬಿಡಿಸಿಕೊಂಡು, ಬಲಗೈಯ ಟ್ವೀಜರಿನಲ್ಲಿ ಹಿಡಿದ ಕೃತಕ ಕೂದಲನ್ನು ಅಂಟಿನಲ್ಲಿ ಅದ್ದಿ, ಚರ್ಮಕ್ಕೆ ತಾಗದ ಹಾಗೆ ಕೂರಿಸಬೇಕು. ಒಂದಕ್ಕೆ ಒಂದೇ. ಎರಡು ಕೂದಲು ಒಂದಕ್ಕೊಂದು ಅಂಟಿಕೊಂಡರೆ ಬೆಳೆಯುವಾಗ ಎಳೆದು ನೋವಾಗುತ್ತದೆ. ಗದ್ದೆಯಲ್ಲಿ ಪಕ್ಕದ ಪೈರು ಅಲುಗದ ಹಾಗೆ ಕಳೆ ಕೀಳುತ್ತಾರಲ್ಲ, ಅಷ್ಟು ಹುಷಾರು ಬೇಕು. ಹೀಗೆ ಒಂದು ಕಣ್ಣಿಗೆ ಅರವತ್ತೋ ಎಪ್ಪತ್ತೋ. ಕೈ ಕುದುರಿದವರಿಗೆ ಎರಡು ಗಂಟೆ, ಹೊಸಬರಿಗೆ ನಾಲ್ಕು.

ಕಿರಂಗೂರಿನ ನಮ್ಮ ಮನೆಯಲ್ಲಿ ಅನುಮಾನ ಹಾಲಿನ ಜೊತೆಗೇ ಬರುತ್ತದೆ. ಅಪ್ಪ ಡೈರಿಗೆ ಹಾಲು ಹಾಕಲು ಹೋದರೆ ಅಳೆಯುವವನ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಅವ್ವ ಬೂಸಾದ ಮೂಟೆ ಬಂದರೆ ಹೊಲಿಗೆ ಬಿಚ್ಚಿ ಹೊಲಿದಂತಿದೆಯೇ ಎಂದು ಬೆರಳಾಡಿಸಿ ನೋಡಿಯೇ ಒಳಗೆ ಇಡಿಸುತ್ತಾಳೆ. ನಾನು ಅವರಿಬ್ಬರ ಮಗಳು. ಮೈಸೂರಿನಲ್ಲಿ ಹತ್ತು ದಿನ ರೆಪ್ಪೆ ಕೆಲಸದ ತರಬೇತಿಗೆ ಸೇರಿದಾಗ, ಕಲಿಸುವವರು ಒಂದು ಗುಟ್ಟು ಹಿಂದಿಟ್ಟುಕೊಂಡಿದ್ದಾರೆ ಎಂದೇ ಹತ್ತು ದಿನವೂ ನಂಬಿದ್ದೆ. ಕೊನೆಯ ದಿನ ಅವರು ಒಂದು ಹಾಳೆ ಕೊಟ್ಟರು. ಮಾಡಿಸಿಕೊಂಡವರು ಮನೆಗೆ ಹೋದ ಮೇಲೆ ಹೇಗಿರಬೇಕು ಅನ್ನುವುದೆಲ್ಲ ಅದರಲ್ಲಿ ಇಂಗ್ಲಿಷಿನಲ್ಲಿತ್ತು. ಒಂದು ದಿನ ನೀರು ತಾಗಿಸಬೇಡಿ, ಕಣ್ಣು ಉಜ್ಜಬೇಡಿ, ಆಯಿಲ್ ಪ್ರಾಡಕ್ಟ್ ಬಳಸಬೇಡಿ. ನಾನು ಅದನ್ನು ಬಾಯಿಪಾಠ ಮಾಡಿದೆ.

ಪಾಂಡವಪುರದ ಪಾರ್ಲರ್ ಪ್ರೇಮಕ್ಕನದು. ದಪ್ಪ ಕುಂಕುಮ, ದೊಡ್ಡ ದನಿ, ದೈವಭಕ್ತಿ ಸ್ವಲ್ಪ ಜಾಸ್ತಿ. ಅಲ್ಲಿ ಮೊದಲಿನಿಂದ ಇದ್ದವಳು ಭಾಗ್ಯಕ್ಕ. ಚಿನಕುರಳಿಯಿಂದ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದಳು. ಗಂಡ ಕಲ್ಲು ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಹತ್ತು ವರ್ಷದಿಂದ ದಾರದಲ್ಲಿ ಹುಬ್ಬು ತೆಗೆದ ಕೈ ಅವಳದು. ರೆಪ್ಪೆ ಕೆಲಸದ ತರಬೇತಿಗೆ ಮೊದಲು ಅವಳನ್ನೇ ಕಳಿಸಬೇಕೆಂದಿದ್ದರಂತೆ. ಇಂಗ್ಲಿಷು ಬರುವುದಿಲ್ಲ ಎಂದು ಬಿಟ್ಟು, ಕಲಿತು ಬಂದಿದ್ದ ನನ್ನನ್ನು ಸೇರಿಸಿಕೊಂಡರು. ಇದನ್ನು ಭಾಗ್ಯಕ್ಕನೇ ಮೊದಲ ದಿನ ನಗುತ್ತಾ ಹೇಳಿದಳು. ನಗುತ್ತಾ ಹೇಳಿದ್ದೇ ನನಗೆ ಸರಿ ಕಾಣಲಿಲ್ಲ. ಅಷ್ಟು ಸಲೀಸಾಗಿ ನಗುವವರು ಒಳಗೆ ಏನೋ ಇಟ್ಟುಕೊಂಡಿರುತ್ತಾರೆ ಎಂದುಕೊಂಡೆ.

ಆ ವರ್ಷ ಮಳೆ ಬೇಗ ಹಿಡಿಯಿತು. ನಾಲೆ ತುಂಬಿ ಹರಿಯುತ್ತಿತ್ತು, ಪಾರ್ಲರಿನ ಹಿಂಗೋಡೆ ಸದಾ ಬೆವರುತ್ತಿತ್ತು, ಒಗೆದ ಟವೆಲ್ಲು ಮೂರು ದಿನವಾದರೂ ಒಣಗುತ್ತಿರಲಿಲ್ಲ. ರೆಪ್ಪೆಯ ಅಂಟಿಗೆ ತೇವ ಆಗದು. ಸೀಸೆಯೊಳಗೆ ತೇವ ಹೋದರೆ ಅಂಟು ಬೇಗ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ತೇವ ತೋರಿಸುವ ಪುಟ್ಟ ಯಂತ್ರವೊಂದನ್ನು ಗೋಡೆಗೆ ತೂಗುಹಾಕಿ, ಗಂಟೆಗೊಂದು ಸಲ ಅದನ್ನು ನೋಡಿ ಎಲ್ಲರೆದುರು ಗೊಣಗುತ್ತಿದ್ದೆ. ಗಿರಾಕಿಗಳಿಲ್ಲದ ಆಷಾಢದಲ್ಲಿ ಮೊದಲು ಸ್ಪಂಜಿನ ಮೇಲೆ, ಆಮೇಲೆ ಗೊಂಬೆಯ ತಲೆಯ ಮೇಲೆ ದಿನವಿಡೀ ಅಂಟಿಸಿ ಕಿತ್ತು ಅಂಟಿಸಿದೆ. ಉಸಿರು ಹಿಡಿದು ಕೆಲಸ ಮಾಡಿದರೆ ಕೈ ನಡುಗುತ್ತದೆ, ಮೆಲ್ಲಗೆ ಬಿಡುತ್ತಾ ಮಾಡಿದರೆ ನಿಲ್ಲುತ್ತದೆ ಎಂದು ಆಗ ಗೊತ್ತಾಯಿತು. ನಾನು ಊಟಕ್ಕೆ ಹೋಗಿ ಬಂದಾಗ ಗೊಂಬೆಯ ರೆಪ್ಪೆಯಲ್ಲಿ ನಾಲ್ಕಾರು ಕೂದಲು ಹೆಚ್ಚಿಗೆ ಇರುತ್ತಿದ್ದವು. ಅಚ್ಚುಕಟ್ಟಾಗಿಯೇ ಕೂತಿರುತ್ತಿದ್ದವು. ಭಾಗ್ಯಕ್ಕ ಕದ್ದು ಕಲಿಯುತ್ತಿದ್ದಾಳೆ ಎಂದು ಗೊಂಬೆಯನ್ನು ಬೀರುವಿಗೆ ಹಾಕಿ ಬೀಗ ಜಡಿದೆ.

ಮೊದಲ ಜೀವಂತ ಕಣ್ಣು ನನ್ನ ಅತ್ತಿಗೆಯದು. ನಾಲ್ಕೂಕಾಲು ಗಂಟೆ ಮಲಗಿದ್ದು ಎದ್ದಾಗ ಅವಳ ಕುತ್ತಿಗೆ ಹಿಡಿದಿತ್ತು, ಒಂದು ಕಣ್ಣು ಕೆಂಪಾಗಿತ್ತು. ಇನ್ನೊಂದರಲ್ಲಿ ಮೂರು ಕೂದಲು ಒಂದಕ್ಕೊಂದು ಅಂಟಿಕೊಂಡಿದ್ದವು. ಅಣ್ಣ ನನ್ನನ್ನು ಬೈಯಲಿಲ್ಲ, ಆದರೆ ಒಂದು ವಾರ ಅತ್ತಿಗೆಯ ಕಣ್ಣನ್ನು ದಿನಾ ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಾರ್ಲರಿಗೆ ಬಂದವರ ಕಡೆಯವರೂ ಹಾಗೇ. ಒಬ್ಬಾಕೆಯ ಅತ್ತೆ ಮಂಚದ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತು, ನನ್ನ ಟ್ವೀಜರು ಇಳಿದಾಗಲೆಲ್ಲ ತಾನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಸ್ಟೂಲು ಹಾಕಿಸಿಕೊಳ್ಳುತ್ತಿದ್ದೆ.

ಶ್ರಾವಣ ಬಂತು, ನಿಶ್ಚಿತಾರ್ಥಗಳು ಶುರುವಾದವು. ನಾಗಮಂಗಲದ ಹೈಸ್ಕೂಲ್ ಟೀಚರ್ ಶೋಭಾ ತನ್ನ ತಮ್ಮನ ನಿಶ್ಚಿತಾರ್ಥಕ್ಕೆಂದು ಬಸ್ಸಿನಲ್ಲಿ ಬಂದು ಮಾಡಿಸಿಕೊಂಡು ಹೋದರು. ಕನ್ನಡಿ ನೋಡಿಕೊಂಡು ಅವರು ಎರಡು ಸಲ ಕಣ್ಣು ಮಿಟುಕಿಸಿದರು. ನನಗೆ ಅಷ್ಟು ಸಂತೋಷ ಆವತ್ತಿನವರೆಗೆ ಆಗಿರಲಿಲ್ಲ. ನಾಲ್ಕನೇ ದಿನಕ್ಕೆ ವಾಪಸು ಬಂದರು. ಟಿಶ್ಯೂ ಪೇಪರಿನ ಮಡಿಕೆಯಲ್ಲಿ ಹತ್ತೊಂಬತ್ತು ಕೂದಲು. ಬುಡದಲ್ಲಿ ಒಣಗಿದ ಅಂಟಿನ ಹನಿ ಹಾಗೇ ಇತ್ತು. ಅವರ ಸ್ವಂತ ರೆಪ್ಪೆಗೆ ಏನೂ ಆಗಿರಲಿಲ್ಲ, ಅಂಟು ಮಾತ್ರ ಕೈಬಿಟ್ಟಿತ್ತು. ಮುಂದಿನ ವಾರ ಬೆಳಗೊಳದ ಹುಡುಗಿಯದೂ ಉದುರಿತು. ಆಮೇಲೆ ಇನ್ನಿಬ್ಬರದು. ಮೂರು ವಾರ ನಿಲ್ಲಬೇಕಾದ್ದು ಮೂರು ದಿನಕ್ಕೆ ಬರುತ್ತಿತ್ತು. ಬಂದವರನ್ನೆಲ್ಲ ನಾನು ಕೇಳಿದೆ, ಕಣ್ಣಿಗೆ ಆಯಿಲ್ ಪ್ರಾಡಕ್ಟ್ ಏನಾದರೂ ಬಳಸಿದಿರಾ ಎಂದು. ಎಲ್ಲರದ್ದೂ ಒಂದೇ ಉತ್ತರ, ನಾವು ಯಾವ ಪ್ರಾಡಕ್ಟನ್ನೂ ಬಳಸುವುದಿಲ್ಲ.

ಪ್ರೇಮಕ್ಕ ದೀಪಾವಳಿಯವರೆಗೆ ನೋಡುತ್ತೇನೆ ಎಂದರು. ಅಷ್ಟರೊಳಗೆ ಸರಿಹೋಗದಿದ್ದರೆ ರೆಪ್ಪೆಯ ಮಂಚ ತೆಗೆದು ಅಲ್ಲಿ ಪೆಡಿಕ್ಯೂರ್ ಕುರ್ಚಿ ಹಾಕುವುದು. ಅಂದರೆ ನಾನು ಮನೆಗೆ. ಊರಲ್ಲಿ ಆಗಲೇ ನಾನು ಕಣ್ಣಿಗೆ ಅಂಟು ಹಾಕುವವಳು ಎಂದು ಹೆಸರಾಗಿತ್ತು. ಸೋತು ಹಿಂದಿರುಗಿದರೆ ಎಮ್ಮೆ ಕಟ್ಟಿಕೊಂಡು ಅದೇ ಹೆಸರು ಹೊತ್ತು ಕೂರಬೇಕಿತ್ತು. ನನ್ನ ನಿದ್ದೆ ಕೆಟ್ಟಿತು. ಮೊದಲು ಅಂಟು ಮಾರಿದವನನ್ನು ಅನುಮಾನಿಸಿದೆ. ಮೈಸೂರಿಗೆ ಹೋಗಿ ಬೇರೆ ಅಂಗಡಿಯಲ್ಲಿ ಬೇರೆ ಸೀಸೆ ತಂದೆ, ಅದೂ ಉದುರಿತು. ಆಮೇಲೆ ಮಳೆಯನ್ನು ಅನುಮಾನಿಸಿದೆ. ಮಳೆ ಬಿಟ್ಟ ವಾರವೂ ಉದುರಿತು. ಉಳಿದದ್ದು ಮನುಷ್ಯರು.

ಭಾಗ್ಯಕ್ಕ ಒಮ್ಮೆ ಹತ್ತಿರ ಬಂದು, ಬರುವ ಹೆಂಗಸರ ತಲೆಯಲ್ಲಿ ಎಣ್ಣೆ ಹೆಂಗೆ ಸುರಿಯುತ್ತಿದೆ ನೋಡಿದ್ದೀಯಾ, ಮೊದಲು ಮುಖ ತೊಳೆಸು, ಮನೆಯಲ್ಲಿ ಏನು ಹಚ್ಚುತ್ತಾರೆ ಕೇಳು ಎಂದಳು. ಕೇಳಿದ್ದೀನಿ ಎಂದೆ. ತನ್ನ ತಪ್ಪನ್ನು ಗಿರಾಕಿಗಳ ತಲೆಗೆ ಕಟ್ಟುತ್ತಿದ್ದಾಳೆ ಎಂದುಕೊಂಡೆ. ಯಾವ ತಪ್ಪು ಎಂದು ಇನ್ನೂ ಗೊತ್ತಿರಲಿಲ್ಲ, ಆದರೆ ತಪ್ಪು ಅವಳದು ಎಂದು ನಿರ್ಧಾರವಾಗಿತ್ತು. ಅವತ್ತೇ ಅಂಟಿನ ಸೀಸೆಯ ಮೇಲೆ ಉಗುರಿನ ಬಣ್ಣದಿಂದ ಗೆರೆ ಎಳೆದೆ, ಒಳಗಿನ ಅಂಟು ಎಲ್ಲಿಯವರೆಗಿದೆ ಎಂದು ನೋಡಲು. ಸೀಸೆ ಇಡುವ ಸ್ಟೀಲ್ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಒಂದೇ ಒಂದು ಕೃತಕ ರೆಪ್ಪೆಗೂದಲು ಇಟ್ಟೆ. ಯಾರಾದರೂ ತೆರೆದರೆ ಅದು ಬೀಳಬೇಕು. ಊಟ ಮುಗಿಸಿ ಬಂದು ನೋಡಿದರೆ ಕೂದಲಿಲ್ಲ.

ಡಬ್ಬಿ ತೆಗೆದೆ. ಸೀಸೆ ನೆಟ್ಟಗೆ ನಿಂತಿತ್ತು, ಗೆರೆ ಇದ್ದಲ್ಲೇ ಅಂಟು ಇತ್ತು. ಸೀಸೆಯ ಬುಡದಲ್ಲಿ ಒಂದು ಹಿಡಿ ಅಕ್ಕಿ. ಹಳದಿ ಅಕ್ಕಿ.

ನಮ್ಮ ಕಡೆ ಅರಿಶಿನ ಹಚ್ಚಿದ ಅಕ್ಕಿ, ನಿಂಬೆಹಣ್ಣು, ಕೂದಲು ಇಂಥವು ಹೇಳದೆ ಕೇಳದೆ ಒಬ್ಬರ ಜಾಗದಲ್ಲಿ ಕಂಡರೆ ಜನ ಏನು ಅಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹೆದರಿಕೆಯಾಯಿತು. ಜೊತೆಗೇ, ಈಗ ಹೇಳಲು ನಾಚಿಕೆಯಾಗುತ್ತದೆ, ಒಂದು ಥರದ ನೆಮ್ಮದಿಯೂ ಆಯಿತು. ನನ್ನ ಕೈ ಸರಿಯಿದೆ, ನನಗೆ ಕೆಲಸ ಬರುತ್ತದೆ, ಇದನ್ನು ಮಾಡಿದವರು ಬೇರೆ. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ಪ್ರೇಮಕ್ಕನ ಮುಂದೆ ಇಟ್ಟೆ. ಭಾಗ್ಯಕ್ಕನನ್ನು ಒಂದು ಮಾತು ಕೇಳಲಿಲ್ಲ.

ಪ್ರೇಮಕ್ಕ ಅಕ್ಕಿ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ಭಾಗ್ಯಕ್ಕ ಆಗ ಒಬ್ಬಾಕೆಯ ಹುಬ್ಬು ತೆಗೆಯುತ್ತಿದ್ದಳು. ಒಂದು ಮುಗಿದಿತ್ತು, ಇನ್ನೊಂದು ಅರ್ಧವಾಗಿತ್ತು. ಹೌದು, ನಾನೇ ಹಾಕಿದ್ದು, ಎಂದಳು. ಮುಂದೇನೋ ಹೇಳಲು ಬಾಯಿ ತೆರೆದಳು, ಪ್ರೇಮಕ್ಕನ ದೊಡ್ಡ ದನಿ ಅದನ್ನು ಮುಳುಗಿಸಿತು. ಇನ್ನು ಬರಬೇಡ ಎಂದರು. ಮಾಟ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು ಎಂದು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಪ್ರೇಮಕ್ಕನ ಬಾಯಿಂದ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ನನ್ನ ಬಾಯಿಂದ. ಭಾಗ್ಯಕ್ಕ ಅರ್ಧವಾಗಿದ್ದ ಹುಬ್ಬನ್ನು ಪೂರ್ತಿ ಮಾಡಿದಳು. ಕನ್ನಡಿ ತೋರಿಸಿದಳು, ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ನನ್ನ ಮುಂದೆ ನಿಂತು, "ಮಾಟದೋಳು ಅಂದ್ಬುಟ್ಟೆಯಲ್ಲ ಸವಿತಾ" ಎಂದಳು, ಅಷ್ಟೆ. ಕುರ್ಚಿಯಲ್ಲಿ ಕೂತಿದ್ದಾಕೆ ಚಿನಕುರಳಿಯ ಪಕ್ಕದೂರಿನವಳು. ಮಾತು ಅವಳ ಜೊತೆ ಬಸ್ಸು ಹತ್ತಿತು.

ಪ್ರೇಮಕ್ಕ ಅಕ್ಕಿಯನ್ನು ನಾಲೆಗೆ ಬಿಟ್ಟು ಬಂದು ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದರು. ನಾನು ಹೊಸ ಸೀಸೆ ತಂದು ಸೀಲು ಒಡೆದದ್ದು ಯಾರಿಗೂ ತೋರಿಸದೆ ಬ್ಯಾಗಿನಲ್ಲೇ ಇಟ್ಟುಕೊಂಡೆ. ಬಚ್ಚಲಿಗೆ ಹೋಗುವಾಗಲೂ ಬ್ಯಾಗು ಹೆಗಲ ಮೇಲೆ. ಮಳೆ ಹಿಂದಾಯಿತು, ಕಬ್ಬಿನ ಗಾಡಿಗಳು ರಸ್ತೆ ತುಂಬಿಕೊಂಡವು, ಬೆಳಗಿನ ಇಬ್ಬನಿ ಹತ್ತು ಗಂಟೆಯವರೆಗೂ ಆರುತ್ತಿರಲಿಲ್ಲ. ನನ್ನ ಕೈ ಕುದುರಿತು. ಮೂರು ಗಂಟೆಯದು ಎರಡೂವರೆಗೆ ಬಂತು, ಎರಡಕ್ಕೆ ಬಂತು. ಕೂದಲು ಬಿಡಿಸಿಕೊಳ್ಳುವಾಗ ಈಗ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದ ಇಬ್ಬರು ಹುಡುಗಿಯರು ಹಬ್ಬಕ್ಕೆ ಊರಿಗೆ ಬಂದಾಗ ಮಾಡಿಸಿಕೊಂಡು ಹೋದರು. ಅವರದು ಮೂರು ವಾರ ನಿಂತಿತು ಎಂದು ಫೋಟೋ ಕಳಿಸಿದರು. ನೋಡಿದೆಯಾ, ಪೀಡೆ ತೊಲಗಿತು ಎಂದು ಪ್ರೇಮಕ್ಕ ಕೈ ಮುಗಿದರು. ನಾನೂ ಮುಗಿದೆ. ಉಳಿದವರದು ಅಲ್ಲೊಂದು ಇಲ್ಲೊಂದು ಉದುರುತ್ತಲೇ ಇತ್ತು, ಆದರೆ ಅದನ್ನು ನಾನು ಕಂಡೂ ಕಾಣದ ಹಾಗಿದ್ದೆ.

ಮಾಘದಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ಮದುವೆ ಒಪ್ಪಿಕೊಂಡೆವು. ಮದುವಣಗಿತ್ತಿ ಕಾವ್ಯ ಎರಡು ದಿನ ಮೊದಲೇ ಪಾರ್ಲರಿಗೆ ಬಂದು ರೆಪ್ಪೆ ಮಾಡಿಸಿಕೊಂಡಳು. ಅಲ್ಲಿಯವರೆಗಿನ ನನ್ನ ಅತಿ ಒಳ್ಳೆಯ ಕೆಲಸ ಅದು. ಚಪ್ಪರದ ದಿನ ಸಂಜೆಯ ರಿಸೆಪ್ಷನ್ನಿಗೆ ಮೇಕಪ್ಪು ಮಾಡಲು ಪ್ರೇಮಕ್ಕ ಮತ್ತು ನಾನು ಮಧ್ಯಾಹ್ನವೇ ಅವರ ಮನೆಗೆ ಹೋದೆವು. ಹಜಾರದಲ್ಲಿ ಎಣ್ಣೆ ಶಾಸ್ತ್ರ ನಡೆಯುತ್ತಿತ್ತು. ಮುತ್ತೈದೆಯರು ಗರಿಕೆಯಲ್ಲಿ ಎಣ್ಣೆ ಅದ್ದಿ ಕಾವ್ಯಳ ನೆತ್ತಿಗೆ, ಭುಜಕ್ಕೆ, ಮಂಡಿಗೆ ಮುಟ್ಟಿಸುತ್ತಿದ್ದರು. ಅದು ಮುಗಿದ ಮೇಲೆ ಅವಳ ಅಜ್ಜಿ ಒಂದು ಬಟ್ಟಲು ಹಿಡಿದು ಎದುರು ಕೂತಳು. ಕಣ್ಣು ಮುಚ್ಚು ಕೂಸು ಎಂದು, ಹೆಬ್ಬೆರಳಲ್ಲಿ ಬಟ್ಟಲಿನದನ್ನು ತೆಗೆದು ಎರಡೂ ರೆಪ್ಪೆಗೆ ಒತ್ತಿ ಸವರಿದಳು. ನಾನು ಜನರ ಕಾಲು ತುಳಿದುಕೊಂಡು ಓಡಿದೆ.

"ಅಜ್ಜಿ, ಕಣ್ಗೆ ಎಣ್ಣೆ ಹಚ್ಬ್ಯಾಡಿ" ಎಂದೆ.

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದಳು. "ಎಣ್ಣೆ ಅಲ್ಲ ಕಣವ್ವ ಇದು. ಅರಳೆಣ್ಣೆ. ಔಸ್ದಿ. ನಾಳೆ ಹೊಗೆ ಮುಂದೆ ಕುಂತ್ಕಬೇಕಲ್ಲ ಮಗಾ, ಕಣ್ ತಣ್ಣಗಿರ್ಲಿ ಅಂತ."

ಅವಳ ಹೆಬ್ಬೆರಳಿಗೆ ಮೂರು ಕೂದಲು ಅಂಟಿಕೊಂಡಿದ್ದವು. ನನ್ನವು. ಕಾವ್ಯ ಕಣ್ಣು ಮುಚ್ಚಿಕೊಂಡೇ, ನೀವು ಹೇಳಿದ ಹಾಗೆ ಯಾವ ಪ್ರಾಡಕ್ಟೂ ಮುಟ್ಟಿಲ್ಲ, ಮೊನ್ನೆಯಿಂದ ಮಲಗುವಾಗ ಹರಳೆಣ್ಣೆ ಒಂದು ಬಿಟ್ಟು ಬೇರೆ ಏನೂ ಇಲ್ಲ ಎಂದಳು. ನಮ್ಮ ಮನೆಯ ಗೂಡಿನಲ್ಲೂ ಹರಳೆಣ್ಣೆಯ ಸೀಸೆ ಇದೆ. ನನಗೆ ಕಣ್ಣುರಿ ಬಂದಾಗಲೆಲ್ಲ ಅವ್ವ ಅದನ್ನೇ ಸವರಿದ್ದಾಳೆ. ಅದನ್ನು ಪ್ರಾಡಕ್ಟ್ ಅನ್ನುತ್ತಾರೆಂದು ನಮ್ಮ ಸೀಮೆಯಲ್ಲಿ ಯಾರಿಗೆ ಹೊಳೆದೀತು? ಒಬ್ಬ ಹೆಂಗಸನ್ನಾದರೂ ನಾನು ನಮ್ಮ ಮಾತಿನಲ್ಲಿ ಕೇಳಿರಲಿಲ್ಲ. ಮೈಸೂರಿನ ಹಾಳೆಯ ಮಾತನ್ನೇ ಗಿಳಿಯ ಹಾಗೆ ಒಪ್ಪಿಸಿದ್ದೆ. ಎಣ್ಣೆ ಅಂಟನ್ನು ಬಿಡಿಸುತ್ತದೆ, ಇಷ್ಟೇ ಸಂಗತಿ. ಹಾಸ್ಟೆಲಿನ ಹುಡುಗಿಯರಿಗೆ ಹರಳೆಣ್ಣೆ ಸವರುವವರು ಯಾರೂ ಇರಲಿಲ್ಲ, ಅದಕ್ಕೇ ಅವರದು ನಿಂತಿತ್ತು.

ಕಾವ್ಯಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ, ಶಾಂಪೂ ನೊರೆಯಲ್ಲಿ ಮೆಲ್ಲಗೆ ರೆಪ್ಪೆ ತೊಳೆದು, ಗಾಳಿ ಹಾಕಿ ಒಣಗಿಸಿ, ಉದುರಿದ ಜಾಗಕ್ಕೆಲ್ಲ ಮತ್ತೆ ಕೂರಿಸಿದೆ. ಹೊರಗೆ ವಾಲಗದವರು ಬಂದಿದ್ದರು. ಒಂದೂವರೆ ಗಂಟೆಯಲ್ಲಿ ನನ್ನ ಕೈ ಒಂದು ಸಲವೂ ಅಲುಗಲಿಲ್ಲ. ಕೆಲಸ ಕಲಿತೆ ಎಂದು ನನಗೆ ಖಾತ್ರಿಯಾದದ್ದು ಆ ದಿನ, ಆ ಕೋಣೆಯಲ್ಲಿ. ಖುಷಿಪಡಲು ಆಗಲಿಲ್ಲ. ಮಾರನೆಯ ದಿನ ಶೋಭಾ ಟೀಚರಿಗೆ ಫೋನು ಮಾಡಿ ಹರಳೆಣ್ಣೆ ಹಚ್ಚುತ್ತಿದ್ದಿರಾ ಎಂದು ಕೇಳಿದೆ. ಅದನ್ನು ಹಚ್ಚದೆ ನಿದ್ದೆ ಹೇಗೆ ಬರುತ್ತದೆ ಎಂದು ಅವರೇ ನನ್ನನ್ನು ಕೇಳಿದರು.

ಪ್ರೇಮಕ್ಕನಿಗೆ ಎಲ್ಲ ಹೇಳಿದೆ. ಅವರು, ಭಾಗ್ಯನ ಕರ್ಕೊಂಡು ಬಾ ಎಂದರು. ನಾನು ತಕ್ಷಣ ಹೋಗಲಿಲ್ಲ. ಎಂಟು ದಿನ ತಳ್ಳಿದೆ. ಎಣ್ಣೆಯ ವಿಷಯ ಬಗೆಹರಿಯಿತು ಸರಿ, ಆ ಅಕ್ಕಿ ಮತ್ತೆ ಯಾಕಿತ್ತು? ತಾನೇ ಹಾಕಿದ್ದು ಎಂದು ಒಪ್ಪಿಕೊಂಡಿದ್ದಳಲ್ಲ? ಮಾಟ ನಾಟದೆ ಹೋಗಿರಬಹುದು, ಮಾಡಿದ್ದು ಸುಳ್ಳೇ? ಹೀಗೆ ನನ್ನ ಮನಸ್ಸು ನನ್ನ ಪರವಾಗಿ ವಾದ ಮಾಡಿತು. ಒಂಬತ್ತನೇ ದಿನ ರೆಪ್ಪೆ ಕೆಲಸದ ಕಿಟ್ಟು ಎತ್ತಿಕೊಂಡು ಚಿನಕುರಳಿಯ ಬಸ್ಸು ಹತ್ತಿದೆ.

ಭಾಗ್ಯಕ್ಕನ ಮನೆ ಬೀದಿಗೇ ಇತ್ತು. ಜಗಲಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಕನ್ನಡಿ, ಮೊಳೆಗೆ ದಾರದ ಉಂಡೆ. ಕುರ್ಚಿಯ ಮೇಲೆ ಧೂಳು ಕೂತಿತ್ತು. ಕ್ವಾರಿಯ ಧೂಳು ಆ ಊರಿನಲ್ಲಿ ಎಲ್ಲ ಕಡೆಯೂ ಇರುತ್ತದೆ, ಆದರೆ ಜನ ಕೂರುವ ಕುರ್ಚಿಯ ಮೇಲೆ ಅಷ್ಟು ಇರುವುದಿಲ್ಲ. ಅವಳು ನನ್ನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾಲ್ಕು ತಿಂಗಳಿನಿಂದ ಆ ಬೀದಿಯಲ್ಲಿ ಅವಳ ದಾರಕ್ಕೆ ಮುಖ ಕೊಡುವವರು ಒಬ್ಬರೂ ಇರಲಿಲ್ಲವಂತೆ. ಅದನ್ನು ಹೇಳುವಾಗಲೂ ಅವಳ ದನಿ ಏರಲಿಲ್ಲ. ನಾನು ಅಜ್ಜಿಯ ಬಟ್ಟಲಿನ ಕಥೆಯೆಲ್ಲ ಹೇಳಿದೆ. ಕೊನೆಗೆ, ಬಾಯಿ ಕಟ್ಟಿಕೊಳ್ಳಲಾಗದೆ, ಅಕ್ಕಿ ಯಾಕೆ ಎಂದು ಕೇಳಿದೆ.

"ಈಗ ಕೇಳ್ದೆಯಾ" ಎಂದಳು. "ತ್ಯಾವ ಆಗ್ಬಾರ್ದು, ತ್ಯಾವ ಆಗ್ಬಾರ್ದು ಅಂತ ದಿನಾ ಬಡ್ಕತಿದ್ದೋಳು ನೀನೇ ಅಲ್ವಾ. ಉಪ್ಪಿನ್ ಡಬ್ಬಿಗೆ ನಾಕು ಅಕ್ಕಿ ಹಾಕಕ್ಕಿಲ್ವಾ ನಿಮ್ಮವ್ವ? ಫೋನು ನೀರ್ಗೆ ಬಿದ್ರೆ ಅಕ್ಕಿಯೊಳ್ಗೆ ಮಡಗಕ್ಕಿಲ್ವಾ?"

"ಹಳದಿ ಅಕ್ಕಿ ಕಣಕ್ಕ ಅದು."

"ಪಾರ್ಲರ್‌ನಲ್ಲಿ ಬ್ಯಾರೆ ಯಾವ ಅಕ್ಕಿ ಇತ್ತಮ್ಮಿ? ಮದ್ವೆಗೆ ಮೇಕಪ್ಪಿಗೆ ಹೋಗಿದ್ನಲ್ಲ, ಮಿಕ್ಕಿದ್ದ ಅಕ್ಷತೆ ಚೀಲ್ದಲ್ಲಿತ್ತು. ಒಳ್ಳೇದಕ್ಕೆ ಹಾಕೋ ಅಕ್ಕಿ, ಈ ಹುಡ್ಗಿ ಕೆಲ್ಸ ಕೈಗೆ ಹತ್ಲಿ ಅಂದ್ಬುಟ್ಟು ಅದ್ನೇ ಸುರ್ದೆ. ಯೋಳಿ ಹಾಕವ ಅಂದ್ರೆ ಡಬ್ಬಿ ಮುಟ್ಟಕ್ಕೆ ಬುಡ್ತಿದ್ಯಾ ನೀನು?"

ನನಗೆ ಅಳು ಬಂತು. ತಪ್ಪಾಯಿತಕ್ಕ, ಪ್ರೇಮಕ್ಕ ಕರೆಯುತ್ತಿದ್ದಾರೆ ಬಾ, ನಿನಗೆ ಈ ಕೆಲಸ ಪೂರ್ತಿ ಕಲಿಸುತ್ತೇನೆ, ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಒಳಗೆ ಹೋಗಿ ಚಾಪೆ ಮತ್ತು ದಿಂಬು ತಂದು ಜಗಲಿಯ ಮೇಲೆ ಹಾಸಿದಳು. ಬೀದಿಯ ಕಡೆಗೆ ಕಾಣುವ ಹಾಗೆ ಹಾಸಿದಳು.

"ನಿನ್ ತಪ್ಪಾಯ್ತು ನಂಗೆ ಬ್ಯಾಡ" ಎಂದಳು. "ಮನಿಕ್ಕೊ ಇಲ್ಲಿ. ಕಣ್ ಮುಚ್ಕೊ. ನಾನು ಹಾಕ್ತೀನಿ."

ಗೊಂಬೆಯ ಕಣ್ಣು ಬಿಟ್ಟು ಮನುಷ್ಯರ ಕಣ್ಣನ್ನು ಅವಳು ಮುಟ್ಟಿರಲಿಲ್ಲ. ಅದೂ ನಾನು ಬೀಗ ಹಾಕುವ ಮುಂಚೆ, ಕದ್ದು. ಆ ಟ್ವೀಜರಿನ ತುದಿ ಎಷ್ಟು ಚೂಪು, ಆ ಅಂಟು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಮಲಗಿದೆ.

ಜೆಲ್ ಪಟ್ಟಿಯ ತಣುಪು ಕೆಳರೆಪ್ಪೆಗೆ ತಾಗಿತು. ಪಟ್ಟಿ ಹಾಕಿದ್ದು ಸರಿಯಾಗಿತ್ತು. ಸೀಸೆ ಅಲ್ಲಾಡಿಸುವ ಸದ್ದು ಕೇಳಿತು, ಅಂಟಿನ ಘಾಟು ಬಂತು. ನೆಟ್ಟಗೆ ಹಿಡಿದಿದ್ದಾಳೋ ಇಲ್ಲವೋ, ಹನಿ ದೊಡ್ಡದಾಯಿತೋ ಏನೋ, ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ಗಳಿಗೆ ಅವಳಿಗೆ ಎಲ್ಲಿ ಸಿಕ್ಕೀತು, ಎಂದೆಲ್ಲ ನನ್ನ ತಲೆ ಆಗಲೂ ಓಡುತ್ತಿತ್ತು. ತಪ್ಪು ಒಪ್ಪಿಕೊಂಡು ಅತ್ತ ಮೇಲೂ ಓಡುತ್ತಿತ್ತು. ಟ್ವೀಜರಿನ ತುದಿ ರೆಪ್ಪೆಗೆ ತಾಗಿ ಹಿಂದೆ ಸರಿಯಿತು. ಮತ್ತೆ ತಾಗಿ ಮತ್ತೆ ಸರಿಯಿತು.

"ರೆಪ್ಪೆ ಅದುರ್ತಾ ಅದೆ" ಎಂದಳು.

ಭಯಕ್ಕೆ ಎಂದೆ.

"ಭಯಕ್ಕೆ ಅದುರೋದು ಬ್ಯಾರೆ ಕಣಮ್ಮಿ. ಹತ್ ವರ್ಸ ಹುಬ್ಬು ತೆಗ್ದೀನಿ, ನಂಗೊತ್ತಾಗಕ್ಕಿಲ್ವಾ? ಇನ್ನೂ ನಂಬಿಲ್ಲ ನೀನು. ನಿಲ್ಲೋಗಂಟ ಕಾಯ್ತೀನಿ."

ಟ್ವೀಜರು ಕೆಳಗಿಟ್ಟ ಸದ್ದಾಯಿತು. ಅವಳು ಕಾಯುತ್ತಾ ಕೂತಳು. ದೂರದಲ್ಲಿ ಟಿಪ್ಪರೊಂದು ಏರಿ ಹತ್ತುತ್ತಿತ್ತು. ಯಾರೋ ಜಗಲಿಯ ಹತ್ತಿರ ಬಂದು ನಿಂತರು, ಬಳೆಯ ಸದ್ದಿನಿಂದ ಒಬ್ಬರಿಗಿಂತ ಹೆಚ್ಚು ಜನ ಇದ್ದಂತಿತ್ತು. ಯಾರಮ್ಮಿ ಇದು ಮಲಗಿರುವುದು ಎಂದು ಒಂದು ದನಿ ಕೇಳಿತು.

"ಅವ್ಳನ್ನೇ ಕೇಳಿ" ಎಂದಳು ಭಾಗ್ಯಕ್ಕ.

ಕೇಳಿದವರ ಮುಖ ನನಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದೆ, ನಾನು ಪಾಂಡವಪುರದ ಪಾರ್ಲರಿನವಳು, ಭಾಗ್ಯಕ್ಕ ಮಾಟ ಮಾಡಿದಳು ಎಂದು ಹಬ್ಬಿಸಿದವಳು ನಾನೇ, ಅವಳು ಮಾಡಿದ್ದು ಮಾಟವಲ್ಲ. ಅಕ್ಕಿ ಯಾಕೆ ಹಾಕಿದ್ದಳು ಎಂದು ಹೇಳಿದೆ. ಯಾವ ಅಕ್ಕಿ ಎಂದೂ ಹೇಳಿದೆ. ಒಂದು ಮಾತು ಕೇಳದೆ ಅವಳ ಅನ್ನ ಕಿತ್ತೆ ಎಂದು ಹೇಳಿದೆ. ಹೇಳುವುದೆಲ್ಲ ಮುಗಿಯುವ ಹೊತ್ತಿಗೆ ನನ್ನ ರೆಪ್ಪೆ ಅದುರುವುದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಟ್ವೀಜರು ಮತ್ತೆ ಇಳಿಯಿತು. ಒಂದು ಕೂದಲನ್ನು ಬಿಡಿಸಿಕೊಂಡಿತು, ಪಕ್ಕದ ಯಾವುದೂ ಅಲುಗಲಿಲ್ಲ, ಮೊದಲನೆಯ ಎಳೆ ಬಂದು ಕೂತದ್ದು ನನಗೆ ಗೊತ್ತಾಯಿತು.